ಮಲೆನಾಡಲ್ಲಿ ಅಂಗಳಕ್ಕೆ ಗಾರ್ಡನ್ ಮಾಡಿಸುವ ಮುಂಚೆ ಇದನ್ನೊಮ್ಮೆ ಓದಿ

ಕಳೆದ ವರ್ಷ ಮೇ ತಿಂಗಳಲ್ಲಿ ಮನೆ ಅಂಗಳಕ್ಕೆ ಗಾರ್ಡನ್ ಮಾಡಿಸಿದೆ. ಖರ್ಚು 1 ಲಕ್ಷ 10 ಸಾವಿರ. ಅವತ್ತು ನೆಟ್ಟ ಗಿಡಗಳಲ್ಲಿ ಈಗ ಉಳಿದಿರುವುದು ನಾಲ್ಕೋ ಐದೋ. ಕಂಟ್ರಾಕ್ಟರ್ ಹೆಸರು ಹಾಕುವುದಿಲ್ಲ, ಕೇಳಬೇಡಿ. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ. ಮತ್ತೆ, ತಪ್ಪಿನಲ್ಲಿ ನನ್ನ ಪಾಲೂ ಇದೆ.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆ ರಿಪೇರಿ ಆಗಷ್ಟೇ ಮುಗಿದಿತ್ತು, ಅಂಗಳ ತುಂಬ ಜಲ್ಲಿ, ಮರಳು. ಜೂನ್ ಮೊದಲ ವಾರ ಮಗಳ ನಿಶ್ಚಿತಾರ್ಥ. "ಮೂರೇ ದಿನ ಸಾರ್, ಫೋಟೋಗೆ ರೆಡಿ ಮಾಡಿ ಕೊಡ್ತೀವಿ" ಎಂದು ಆತ ಮೊಬೈಲಿನಲ್ಲಿ ಹಳೇ ಕೆಲಸ ತೋರಿಸಿದರು. ಎಲ್ಲ ಬೆಂಗಳೂರಿನ ಮನೆಗಳು. ಅಲ್ಲೇ ನನಗೆ ಹೊಳೆಯಬೇಕಿತ್ತು. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಹೆಚ್ಚುಕಮ್ಮಿ 1000 ಮಿ.ಮೀ. ಮಳೆ. ನಮ್ಮ ಪಕ್ಕದ ಆಗುಂಬೆಯಲ್ಲಿ 7000 ದಾಟುತ್ತೆ. ನಮ್ಮೂರು ಆಗುಂಬೆಯಷ್ಟಲ್ಲ ನಿಜ, ಆದರೆ ಬೆಂಗಳೂರಂತೂ ಅಲ್ವಲ್ಲ.

ಮೊದಲ ದಿನ ಜೆಸಿಬಿ ಬಂತು, ಜೊತೆಗೆ ನಾಲ್ಕು ಲೋಡ್ ಮಣ್ಣು. ಅಪ್ಪ ಅಂಗಳವನ್ನು ತೋಟದ ಕಡೆ ಸ್ವಲ್ಪ ಇಳಿಜಾರು ಬಿಟ್ಟಿದ್ದರು, ಮಳೆ ನೀರು ನೇರ ಬಸಿಗಾಲುವೆಗೆ ಹೋಗಲಿ ಅಂತ. ಇವರು ಅದನ್ನು ಲೆವೆಲ್ ಮಾಡಿ ಸುತ್ತ ಕಲ್ಲಿನ ಅಂಚು ಕಟ್ಟಿದರು. ನೋಡಲು ಚಂದ. ನೀರು ಹೋಗಲು ಮಾತ್ರ ದಾರಿ ಇಲ್ಲ. ಅಂಗಳದ ಮೂಲೆಯಲ್ಲಿ ಅಮ್ಮ ನೆಟ್ಟ ಸಂಪಿಗೆ ಮರ ಇದೆ. ಲೆವೆಲ್ ಸರಿ ಬರಬೇಕು ಅಂತ ಅದರ ಬುಡಕ್ಕೂ ಒಂದೂವರೆ ಅಡಿ ಮಣ್ಣು ಏರಿಸಿದರು. ನಾನು ಪಕ್ಕದಲ್ಲೇ ನಿಂತು ಚಾ ಕುಡಿಯುತ್ತಿದ್ದೆ. ಏನೂ ಅನ್ನಿಸಲಿಲ್ಲ.

ನಿಶ್ಚಿತಾರ್ಥ ಚೆನ್ನಾಗಿ ಆಯಿತು. ಬಂದವರೆಲ್ಲ ಅಂಗಳ ಹೊಗಳಿದರು. ಆರಿದ್ರಾ ಮಳೆಗೆ ಹುಲ್ಲುಹಾಸಿನ ಮೇಲೆ ನೀರು ನಿಲ್ಲಲು ಶುರುವಾಯಿತು. ಪುನರ್ವಸು ಹಿಡಿದ ಮೇಲೆ ಎಂಟು ದಿನ ನೀರು ಇಳಿಯಲೇ ಇಲ್ಲ. ಕಾಗದದ ಹೂವಿನ ಗಿಡಗಳ ಎಲೆ ಉದುರಿತು. ಲ್ಯಾವೆಂಡರ್ ಅಂತ ತಂದಿದ್ದ ಗಿಡಗಳು ಕಪ್ಪಾಗಿ ನೆಲಕ್ಕೆ ಅಂಟಿದವು. ಈ ಎರಡಕ್ಕೂ ಒಣಗಿದ ನೆಲ, ಒಳ್ಳೆ ಬಿಸಿಲು ಬೇಕು. ನಮ್ಮ ಜುಲೈನಲ್ಲಿ ಎರಡೂ ಇಲ್ಲ.

ಒಂದು ಬೆಳಿಗ್ಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಬಾಡಿದ್ದ ನಂದಿಬಟ್ಟಲನ್ನು ಸುಮ್ನೆ ಎಳೆದು ನೋಡಿದೆ. ನಂದಿಬಟ್ಟಲು ನಮ್ಮ ಕಡೆ ಯಾರೂ ನೋಡಿಕೊಳ್ಳದಿದ್ದರೂ ಬೆಳೆಯುವ ಗಿಡ. ಎರಡು ಬೆರಳಿಗೇ ಇಡೀ ಗಿಡ ಎದ್ದು ಬಂತು. ಬುಡದಲ್ಲಿ ಕರಿ ಪ್ಲಾಸ್ಟಿಕ್ ಕೊಟ್ಟೆ ಹಾಗೇ ಇದೆ! ಕತ್ತರಿಸಿಯೂ ಇಲ್ಲ. ಒಳಗೆ ಬೇರು ಚಕ್ಕುಲಿ ಥರ ಸುತ್ತಿಕೊಂಡಿತ್ತು, ಚರಂಡಿ ವಾಸನೆ ಬೇರೆ. ಆಳೆತ್ತರದ ಗಿಡ, ಕೆಳಗೆ ಗೇಣುದ್ದದ ಕೊಟ್ಟೆ. ಎಷ್ಟು ವರ್ಷ ನರ್ಸರಿಯಲ್ಲಿ ಅದರೊಳಗೇ ಕೂತಿತ್ತೋ ಏನೋ. ಗುಂಡಿ ತುಂಬ ನೀರು. ನಮ್ಮದು ಜಂಬಿಟ್ಟಿಗೆ ನೆಲ, ಕಡಿದು ಗುಂಡಿ ಮಾಡಿದರೆ ಅದು ಬಕೆಟ್ ಇದ್ದಂತೆ. ಅವತ್ತು ಹದಿನೇಳು ಗಿಡ ಕಿತ್ತೆ. ಹನ್ನೊಂದಕ್ಕೆ ಕೊಟ್ಟೆ ಬಿಚ್ಚಿಯೇ ಇರಲಿಲ್ಲ.

ಬೇಲಿ ಆಚೆಯಿಂದ ಪಕ್ಕದ ಮನೆ ಅಕ್ಕ ನೋಡುತ್ತಿದ್ದರು. "ಎಂತ ಮಾರಾಯ, ಗಿಡ ನೆಟ್ಟಿದ್ದೋ ಹೂತಿದ್ದೋ?" ಎಂದರು.

ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆ. "ಈ ಸಲ ಮಳೆ ಜಾಸ್ತಿ ಆಯ್ತಲ್ಲ ಸಾರ್, ನಾವೇನ್ ಮಾಡೋಕಾಗುತ್ತೆ" ಅಂದರು. ಮಲೆನಾಡಲ್ಲಿ! ದುಡ್ಡು ಪೂರ್ತಿ ಕೊಟ್ಟಾಗಿತ್ತು. ನೀವು ಹಾಗೆ ಮಾಡಬೇಡಿ, ಒಂದು ಪಾಲನ್ನಾದರೂ ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳಿ. ಒಪ್ಪದಿದ್ದರೆ ಆ ಕಂಟ್ರಾಕ್ಟರ್ ಬೇಡ. ಗಿಡ ಇಳಿಸುವಾಗ ಎದುರಿಗೇ ಒಂದೆರಡು ಕೊಟ್ಟೆ ಬಿಚ್ಚಿಸಿ ಬೇರು ನೋಡಿ. ಸಣ್ಣ ಗಿಡವೇ ವಾಸಿ, ಬೇಗ ಬೇರು ಬಿಡುತ್ತೆ. ಜಾಗ ಗೊತ್ತು ಮಾಡುವ ಮುಂಚೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿಡಿ. ಮಾರನೇ ದಿನವೂ ನೀರು ಇದ್ದರೆ ಅಲ್ಲಿ ಗುಂಡಿಯಲ್ಲಿ ನೆಡಬೇಡಿ, ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ.

ಗಿಡ ಸತ್ತಿದ್ದು ಹೋಗಲಿ, ಬದುಕಿದ್ದು ಇನ್ನೂ ಕೆಟ್ಟದ್ದು. ಅಂಚಿನುದ್ದಕ್ಕೂ ನೆಲ ಮುಚ್ಚಲಿ ಅಂತ ಹಳದಿ ಹೂವಿನ ವೆಡೇಲಿಯಾ ಹಾಕಿದ್ದರು. ಅದು ನೀರಿಗೂ ಸಾಯಲಿಲ್ಲ, ನೆರಳಿಗೂ ಸಾಯಲಿಲ್ಲ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಬಸಿಗಾಲುವೆ ಹಿಡಿದು ಅಡಿಕೆ ತೋಟಕ್ಕೆ ಇಳಿಯಿತು. ಗಿಡದ ಮಣ್ಣಿನ ಜೊತೆ ಆಫ್ರಿಕಾದ ದೊಡ್ಡ ಬಸವನಹುಳುವೂ ಬಂದಿತ್ತು. ಅದಕ್ಕೂ ಮುಂಚೆ ನಮ್ಮ ತೋಟದಲ್ಲಿ ಅದನ್ನು ನೋಡಿದವರಿಲ್ಲ. ಒಂದು ಸಲಕ್ಕೆ 100ಕ್ಕೂ ಜಾಸ್ತಿ ಮೊಟ್ಟೆ ಇಡುತ್ತೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋದರೆ ಬಾಳೆ ಬುಡದಲ್ಲಿ ಮುಷ್ಟಿ ಗಾತ್ರದವು ಸಿಗುತ್ತವೆ. ಆಮೇಲೆ ಓದಿದರೆ, ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಮಾಡಿದ ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಹುಳುವೂ ಇದೆ, ವೆಡೇಲಿಯಾವೂ ಇದೆ. ಎರಡನ್ನೂ ನಾನೇ ದುಡ್ಡು ಕೊಟ್ಟು ತರಿಸಿದ್ದೆ. ಅಂದ ಹಾಗೆ, ಆ ಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ರೋಗ ತರುವ ಪರಾವಲಂಬಿ ಅದರೊಳಗೆ ಇರಬಹುದು.

ದೀಪಾವಳಿ ಆದ ಮೇಲೆ ಕಲ್ಲಿನ ಅಂಚು ಒಡೆಸಿ ಇಳಿಜಾರು ವಾಪಸ್ ಮಾಡಿಸಿದೆ. ಈ ಸಲ ಬೇಲಿಗೆ ದಾಸವಾಳದ ಕಡ್ಡಿ ಊರಿದ್ದೇನೆ, ಮುಂದೆ ಕೇಪಳ. ಎರಡಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಪಕ್ಕದ ಮನೆ ಅಕ್ಕ ಡೇರೆ ಹೂವಿನ ಗೆಡ್ಡೆ ಕೊಟ್ಟರು. ಏರು ಮಾಡಿ ನೆಟ್ಟು ಅಡಿಕೆ ದಬ್ಬೆಗೆ ಕಟ್ಟಿದ್ದೇನೆ, ಈ ಜಡಿಮಳೆಯಲ್ಲೂ ಮೊಗ್ಗು ಬಂದಿದೆ.

ಸಂಪಿಗೆ ಬುಡದ ಮಣ್ಣನ್ನು ಕೈಯಲ್ಲೇ ಬಿಡಿಸಿದೆ. ಒಳಗೆ ತೊಗಟೆ ಒಂದು ಕಡೆ ಮೆತ್ತಗಾಗಿ ಬೆರಳಿಗೆ ಕಳಚಿ ಬಂತು. ತೋಟದ ಕಡೆಯ ಕೊಂಬೆ ಒಣಗಿದೆ, ಮನೆ ಕಡೆಯದು ಚಿಗುರಿದೆ. ವೆಡೇಲಿಯಾ ಮಾತ್ರ ನಿನ್ನೆ ಸಂಜೆಯೂ ಎರಡು ಬುಟ್ಟಿ ಕಿತ್ತೆ.