ನೇಟಿವ್ ಲ್ಯಾಂಡ್ ನಕ್ಷೆ: ಒಂದರ ಮೇಲೊಂದು ಬಿದ್ದ ಬಣ್ಣಗಳು

ಯಾವ ನೆಲ ಯಾವ ಮೂಲನಿವಾಸಿಗಳದ್ದು, ಅಲ್ಲಿಯ ಭಾಷೆ ಯಾವುದು ಅಂತ ತೋರಿಸುವ ಉಚಿತ ನಕ್ಷೆ ಇದು. 2015ರಲ್ಲಿ ಕೆನಡಾದಲ್ಲಿ ಶುರುವಾಯಿತು. ಫೋನಿಗೆ ಆ್ಯಪ್ ಕೂಡ ಇದೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ಬಟನ್. ನಮಗೆ ಗೊತ್ತಿರುವ ಊರು, ದೇಶಗಳ ಹೆಸರು ಬೇಕಾದರೆ 'ಸೆಟ್ಲರ್ ಲೇಬಲ್ಸ್' ಆನ್ ಮಾಡಿಕೊಳ್ಳಬೇಕು. ಅಂದರೆ ಶಾಲೆಯ ಅಟ್ಲಾಸಿನಲ್ಲಿ ನಾವು ಓದಿದ್ದು ಆಮೇಲೆ ಬಂದವರು ಇಟ್ಟ ಹೆಸರು ಅಂತ ಆ ಬಟನ್ನೇ ಹೇಳಿಬಿಡುತ್ತದೆ.

ಕೆನಡಾದ ವ್ಯಾಂಕೂವರ್ ನಗರದ ಹತ್ತಿರ ಝೂಮ್ ಮಾಡಿ. ಮಸ್ಕ್ವಿಯಂ, ಸ್ಕ್ವಾಮಿಶ್, ಸ್ಲೇಲ್-ವಾಟುತ್ ಎಂಬ ಮೂಲನಿವಾಸಿ ಜನರ ನೆಲ ತೋರಿಸುವ ಬಣ್ಣಗಳು ಒಂದರ ಮೇಲೊಂದು ಬಿದ್ದಿವೆ. ಮೊದಲು ಗಜಿಬಿಜಿ ಅನಿಸಿತು, ಆದರೆ ಒಂದೇ ನೀರಿನಲ್ಲಿ ಎರಡು ಸಮುದಾಯದವರು ಮೀನು ಹಿಡಿಯುತ್ತಿದ್ದರೆ, ನಡುವಿನ ಮನೆಗಳಲ್ಲಿ ಎರಡೂ ಭಾಷೆ ನಡೆಯುತ್ತಿದ್ದರೆ, ಗೆರೆ ಎಳೆಯುವುದಾದರೂ ಎಲ್ಲಿ, ಅಲ್ವಾ? ಹೆಸರು ಒತ್ತಿದರೆ ಆಯಾ ಜನರ ವೆಬ್‌ಸೈಟಿಗೆ ಕೊಂಡಿ ಇರುತ್ತದೆ. ಸ್ಕ್ವಾಮಿಶ್ ಜನ ತಮ್ಮ ಹೆಸರು ಬರೆಯುವಾಗ ನಡುವೆ 7 ಅಂಕಿ ಹಾಕುತ್ತಾರೆ. ಅದು ಮುದ್ರಣದೋಷ ಅಲ್ಲ. ಗಂಟಲಲ್ಲಿ ಉಸಿರನ್ನು ಒಂದು ಕ್ಷಣ ತಡೆದು ಬಿಡುವ ಸದ್ದಿಗೆ ಅದೇ ಅಕ್ಷರ.

ಭಾಷೆಯ ಪದರ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಬಣ್ಣ ಒಂದು ಕಡೆ ಥಟ್ಟನೆ ನಿಂತುಬಿಡುತ್ತದೆ, ಭಾಷೆ ಹಾಗೆ ನಿಲ್ಲುವುದಿಲ್ಲ. ಹತ್ತು ಜನ ಆಡುವ ಭಾಷೆಗೂ ಹತ್ತು ಸಾವಿರ ಜನ ಆಡುವ ಭಾಷೆಗೂ ಬಣ್ಣ ಅಷ್ಟೇ ಗಾಢ. ಇವು ಕಾನೂನಿನ ಗಡಿಗಳಲ್ಲ ಅಂತ ನಕ್ಷೆ ಮಾಡಿದವರೇ ಎಚ್ಚರಿಕೆ ಹಾಕಿದ್ದಾರೆ, ಅದನ್ನು ಓದದೆ ಮುಂದೆ ಹೋಗಬೇಡಿ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ 1996ರಲ್ಲಿ ಬಂದ ನಕ್ಷೆಯಲ್ಲಿ ಅಂಚುಗಳನ್ನು ಬೇಕಂತಲೇ ಮಸುಕು ಮಾಡಿದ್ದಾರೆ. ಇಲ್ಲೂ ಹಾಗೇ ಮಾಡಿದ್ದರೆ ಚೆನ್ನಾಗಿತ್ತು.

ನಿಮಗೆ ಸ್ಥಳನಾಮಗಳೇ ಮುಖ್ಯ ಅನ್ನುವುದಾದರೆ ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ 'ಫಸ್ಟ್ ಪೀಪಲ್ಸ್ ಮ್ಯಾಪ್' ಪಕ್ಕದಲ್ಲೇ ತೆರೆದಿಟ್ಟುಕೊಳ್ಳಿ. ಅಲ್ಲಿ ಹೆಸರುಗಳನ್ನು ಓದುವುದಷ್ಟೇ ಅಲ್ಲ, ಧ್ವನಿಯಲ್ಲೂ ಕೇಳಬಹುದು. 1787ರಲ್ಲಿ ಬಂದ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ ತನ್ನ ಹಡಗಿನ ಹೆಸರನ್ನೇ ಈ ಪ್ರಾಂತ್ಯದ ಕೆಲವು ದ್ವೀಪಗಳಿಗೆ ಇಟ್ಟ, ಕ್ವೀನ್ ಷಾರ್ಲಟ್ ಅಂತ. ಅಲ್ಲಿಯ ಮೂಲನಿವಾಸಿ ಹೈಡಾ ಜನರು ಕರೆಯುವ 'ಹೈಡಾ ಗ್ವಾಯ್' ಎಂಬ ಹೆಸರು ಸರ್ಕಾರಿ ಕಾಗದಕ್ಕೆ ಬರಲು 2010ರವರೆಗೆ ಕಾಯಬೇಕಾಯಿತು. ಅಂಥ ಹೆಸರನ್ನು ಆ ಭಾಷೆ ಆಡುವವರ ಬಾಯಲ್ಲೇ ಕೇಳಬೇಕು.