ಲಂಡನ್‌ನಿಂದ ಸಿಡ್ನಿಗೆ: ಸಿಂಗಾಪುರ ದಾರಿಯೋ, ಪರ್ತ್ ದಾರಿಯೋ?

ಲಂಡನ್‌ನಿಂದ ಸಿಡ್ನಿಗೆ ಆಕಾಶದಲ್ಲಿ ನೇರ ದೂರವೇ ಸುಮಾರು 17,000 ಕಿ.ಮೀ. ಮಧ್ಯೆ ಎಲ್ಲಿ ಇಳಿಯುತ್ತೀರಿ ಅನ್ನೋದರ ಮೇಲೆ ಪ್ರಯಾಣದ ಸುಖ-ದುಃಖ ನಿಂತಿದೆ.

ಸಿಂಗಾಪುರದ ಮೂಲಕ ಹೋದರೆ ಮೊದಲ ಹಾರಾಟ ಸುಮಾರು 10,900 ಕಿ.ಮೀ., 13 ಗಂಟೆ. ಆಮೇಲೆ 6,300 ಕಿ.ಮೀ., ಎಂಟು ಗಂಟೆಗೆ ಹತ್ತಿರ. ಸುತ್ತು ಹೊಡೆದ ಹಾಗೆ ಕಾಣುತ್ತೆ, ಅಲ್ವಾ? ಆದರೆ ಲೆಕ್ಕ ಹಾಕಿದರೆ ನೇರ ದೂರಕ್ಕಿಂತ ಜಾಸ್ತಿಯಾಗೋದು 200 ಕಿ.ಮೀ. ಆಸುಪಾಸು ಮಾತ್ರ. ಭೂಮಿ ದುಂಡಗಿರೋದರಿಂದ ಸಿಂಗಾಪುರ ಹೆಚ್ಚುಕಡಿಮೆ ದಾರಿಯಲ್ಲೇ ಸಿಗುತ್ತದೆ. ಗೋಡೆ ಮೇಲಿನ ನಕ್ಷೆ ನೋಡಿ ದೂರ ಅಳೆಯಬೇಡಿ.

ಪರ್ತ್‌ಗೆ ನೇರ ವಿಮಾನ 2018ರ ಮಾರ್ಚ್‌ನಲ್ಲಿ ಶುರುವಾಯಿತು. 14,500 ಕಿ.ಮೀ. ಒಂದೇ ಉಸಿರಿಗೆ, ಸುಮಾರು 17 ಗಂಟೆ. ಅಲ್ಲಿಂದ ಸಿಡ್ನಿಗೆ ಇನ್ನೂ 3,300 ಕಿ.ಮೀ., ನಾಲ್ಕು ಗಂಟೆ. ದೇಶೀಯ ವಿಮಾನ ಹಿಡಿಯುವುದಾದರೆ ಇಮಿಗ್ರೇಷನ್, ಕಸ್ಟಮ್ಸ್ ಎಲ್ಲ ಪರ್ತ್‌ನಲ್ಲೇ ಮುಗಿಸಬೇಕು.

ಲಾಸ್ ಏಂಜಲೀಸ್ ದಾರಿ? ಒಟ್ಟು 20,800 ಕಿ.ಮೀ. ಮೇಲಾಗಿ ಸುಮ್ನೆ ವಿಮಾನ ಬದಲಿಸೋಕೂ ಅಮೆರಿಕದ ಅನುಮತಿ ಬೇಕು. ಅಲ್ಲಿ ಏನೂ ಕೆಲಸವಿಲ್ಲದಿದ್ದರೆ ಬಿಟ್ಟುಬಿಡಿ.

ಒಂದೇ ಸಲ ಉದ್ದ ನಿದ್ದೆ ಮಾಡುವವರಿಗೆ ಪರ್ತ್ ಸರಿ. ಕಾಲು ಊದಿಕೊಳ್ಳುವವರು, ಮಕ್ಕಳ ಜೊತೆ ಹೋಗುವವರು ಸಿಂಗಾಪುರವನ್ನೇ ಆರಿಸಿಕೊಳ್ಳಿ. ಎರಡರಲ್ಲೂ ಕಾಯುವ ಹೊತ್ತು ಸೇರಿ ಒಂದು ದಿನ ಹೋಗೇ ಹೋಗುತ್ತದೆ. ವಾಪಸ್ ಬರುವಾಗ ಪಶ್ಚಿಮದಿಂದ ಬೀಸುವ ಎದುರುಗಾಳಿಗೆ ಇನ್ನೊಂದಿಷ್ಟು ಹೊತ್ತು ಸೇರಿಸಿಕೊಳ್ಳಿ.