ಪ್ರಾದೇಶಿಕ ಕೂಟವೋ, ವಲಯವಾರು ಜಾಲವೋ?

ಸೈಬರ್ ಭದ್ರತೆಯ ಹೊಸ ತಂತ್ರಾಂಶ ಕಟ್ಟುತ್ತಿರುವ ಸಣ್ಣ ಕಂಪನಿಯ ಮುಂದೆ ಎರಡು ಬಾಗಿಲುಗಳಿರುತ್ತವೆ. ಒಂದು, ಒಂದೇ ಪ್ರದೇಶದ ಉದ್ಯಮಗಳು, ವಿಶ್ವವಿದ್ಯಾಲಯ, ಸರ್ಕಾರ ಸೇರಿದ ಕೂಟ. ನೆದರ್ಲೆಂಡ್ಸ್‌ನ ಹೇಗ್, ಇಸ್ರೇಲಿನ ಬೀರ್‌ಶೆಬಾಗಳಲ್ಲಿ ಇಂಥವು ಬೆಳೆದಿವೆ. ಇನ್ನೊಂದು, ಒಂದೇ ಕಸುಬಿನವರ ಮಾಹಿತಿ ಹಂಚಿಕೆಯ ಜಾಲ. ಅಮೆರಿಕದ ಹಣಕಾಸು ವಲಯ 1999ರಲ್ಲಿ ಕಟ್ಟಿಕೊಂಡ ಎಫ್‌ಎಸ್-ಐಸಾಕ್ ಇದರ ಹಳೆಯ ಮಾದರಿ.

ದಾಳಿಯ ಸುಳಿವು ಬೇಗ ಬೇಕೆಂದರೆ ಜಾಲವೇ ಸರಿ. ಹಂಚಿದ ಮಾಹಿತಿ ಎಲ್ಲಿಯವರೆಗೆ ಹೋಗಬಹುದೆಂದು ಹೇಳಲು ಅಲ್ಲಿ ಸಂಚಾರ ದೀಪದ ಬಣ್ಣಗಳ ನಿಯಮವಿರುತ್ತದೆ. ಕೆಂಪು ಎಂದರೆ ಕೇಳಿದವರ ಕಿವಿಯಲ್ಲೇ ಉಳಿಯಬೇಕು.

ಹೊಸದನ್ನು ಕಟ್ಟುವವರಿಗೆ ಮಾತ್ರ ನನ್ನ ಮತ ಕೂಟಕ್ಕೆ. ಕಾರ್ಖಾನೆಯ ಹಳೆಯ ನಿಯಂತ್ರಣ ಯಂತ್ರವೊಂದನ್ನು ನೆನೆಯಿರಿ: ಕಚೇರಿಯ ಕಂಪ್ಯೂಟರಿಗೆ ಏನೂ ಅನ್ನಿಸದ, ಭದ್ರತಾ ಲೋಪ ಹುಡುಕುವ ಸಾಮಾನ್ಯ ಸ್ಕ್ಯಾನ್‌ಗೇ ಅದು ಸ್ತಬ್ಧವಾಗಿಬಿಡಬಹುದು, ಅದರೊಂದಿಗೆ ಉತ್ಪಾದನೆಯೂ. ಇದು ವರದಿ ಓದಿ ತಿಳಿಯುವ ಸಂಗತಿಯಲ್ಲ. ಯಂತ್ರದ ಪಕ್ಕ ನಿಲ್ಲಬೇಕು, ಪಾಳಿಯ ಮೇಲ್ವಿಚಾರಕರ ಬೈಗುಳ ಕೇಳಬೇಕು, ಮರುದಿನ ತಿದ್ದಿಕೊಂಡು ಮತ್ತೆ ಹೋಗಬೇಕು. ಹತ್ತಿರದಲ್ಲಿರುವ, ನಂಬಿ ಗೇಟು ತೆರೆಯುವ ಗ್ರಾಹಕ ಸಿಗುವುದು ಕೂಟದಲ್ಲೇ.

ಕೂಟಗಳಿಗೂ ಒಂದು ರೋಗವಿದೆ, ಕಾಫಿ ಕುಡಿದು ಫೋಟೊ ತೆಗೆಸಿಕೊಂಡು ಮನೆಗೆ ಹೋಗುವುದು. ಸದಸ್ಯತ್ವದ ಹಣ ಕಟ್ಟುವ ಮುನ್ನ ಕಳೆದ ವರ್ಷ ಎಷ್ಟು ಪ್ರಾಯೋಗಿಕ ಪರೀಕ್ಷೆಗಳು ನಡೆದವು, ಅವುಗಳಲ್ಲಿ ಎಷ್ಟು ಖರೀದಿಯಲ್ಲಿ ಮುಗಿದವು ಎಂದು ಕೇಳಿ. ಜಂಟಿಯಾಗಿ ರೂಪಿಸಿದ್ದರ ಹಕ್ಕು ಯಾರದೆಂಬುದನ್ನೂ ಮೊದಲೇ ಬರೆಸಿಕೊಳ್ಳಿ.